ಶಾಸಕರಿಗೆ ಪಿಂಚಣಿ: ಕೊಡಬೇಕಾ, ಕೊಟ್ಟರೆ ಹೇಗೆ?

2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ಏನಾಯಿತು ಅಂತ ನಿಮಗೆ ನೆನಪಿರಬಹುದು. ದೊಡ್ಡ ಗದ್ದಲ ನಡೆದಿತ್ತು. ವಿರೋಧ ಪಕ್ಷದ 18 ಶಾಸಕರ ಅಮಾನತಾಯಿತು. ಆ ಗದ್ದಲದ ನಡುವೆಯೇ ಶಾಸಕರ ಸಂಬಳ, ಪಿಂಚಣಿ ಹೆಚ್ಚಿಸುವ ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಶಾಸಕರ ತಿಂಗಳ ಸಂಬಳ 40,000 ರೂಪಾಯಿಯಿಂದ 80,000ಕ್ಕೆ ಏರಿತು. ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ ಹೋಯಿತು. ಮೂರು ದಿನ ಕಳೆದು ಕೇಂದ್ರ ಸರ್ಕಾರದ ಅಧಿಸೂಚನೆ ಬಂತು. ಸಂಸದರ ಸಂಬಳ 1 ಲಕ್ಷದಿಂದ 1.24 ಲಕ್ಷ, ಮಾಜಿ ಸಂಸದರ ಪಿಂಚಣಿ 25,000ದಿಂದ 31,000. ಅದೂ 2023ರ ಏಪ್ರಿಲ್ 1ರಿಂದಲೇ ಲೆಕ್ಕ.

ಆಗ ಎಲ್ಲರೂ ಸಂಬಳದ ಬಗ್ಗೆಯೇ ಮಾತಾಡಿದರು. ಸಂಬಳ ಹೆಚ್ಚಿಸಿದ್ದಕ್ಕೆ ನನ್ನ ತಕರಾರು ಇಲ್ಲ. ಕೆಲಸ ಮಾಡುವವರಿಗೆ, ಮಾಡುತ್ತಿರುವಷ್ಟು ದಿನ, ಮರ್ಯಾದೆಯಿಂದ ಬದುಕುವಷ್ಟು ಸಂಬಳ ಸಿಗಲೇಬೇಕು. ಇವತ್ತು ನಾನು ಕೇಳಬೇಕೆಂದಿರುವುದು ಪಿಂಚಣಿಯ ಪ್ರಶ್ನೆ. ಜನ ಐದು ವರ್ಷಕ್ಕೆ ಅಂತ ಆರಿಸಿ ಕಳಿಸಿದವರಿಗೆ, ಮೂವತ್ತು ವರ್ಷ ನೌಕರಿ ಮಾಡಿದವರಿಗೆ ಕೊಡುವಂತೆ ಜೀವನಪೂರ್ತಿ ಪಿಂಚಣಿ ಕೊಡುವುದು ಸರಿಯಾ?

ಮೊದಲು, ಪಿಂಚಣಿ ಅಂದರೆ ಏನು ಅನ್ನುವುದನ್ನು ನೋಡೋಣ. ಈ ಸಭೆಯಲ್ಲಿ ನಿವೃತ್ತ ನೌಕರರು ಜಾಸ್ತಿ ಇದ್ದೀರಿ. ಡಿಸೆಂಬರ್ 17 ನಿಮ್ಮ ದಿನ, ಪಿಂಚಣಿದಾರರ ದಿನ. 1982ರ ಆ ದಿನ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಪಿಂಚಣಿ ಸರ್ಕಾರ ಮನಸ್ಸು ಬಂದರೆ ಕೊಡುವ ದಾನವಲ್ಲ, ಹಿಂದೆ ದುಡಿದದ್ದಕ್ಕೆ ನೌಕರನಿಗೆ ಸಲ್ಲಬೇಕಾದ ಹಕ್ಕು ಅಂತ ಹೇಳಿತು. ನೌಕರ ತನ್ನ ಶಕ್ತಿ ಇರುವ ವರ್ಷಗಳನ್ನೆಲ್ಲ ಒಂದೇ ಕಡೆ ಕೊಟ್ಟಿರುತ್ತಾನೆ. ಬೇರೆ ಕಡೆ ದುಡಿಯುವ ಹಾಗಿಲ್ಲ, ವ್ಯಾಪಾರ ಮಾಡುವ ಹಾಗಿಲ್ಲ. ಅರವತ್ತಕ್ಕೆ ಮನೆಗೆ ಹೋಗು ಅಂದಾಗ ಹೊಸದಾಗಿ ಶುರು ಮಾಡಲು ವಯಸ್ಸು ಉಳಿದಿರುವುದಿಲ್ಲ. ಅದಕ್ಕೇ ಪಿಂಚಣಿ. ಈ ತರ್ಕ ಗಟ್ಟಿಯಾದದ್ದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಈಗ ಇದೇ ತರ್ಕವನ್ನು ಶಾಸಕರಿಗೆ ಹಚ್ಚಿ ನೋಡಿ. ಶಾಸಕ ಒಬ್ಬ ಮಾಲೀಕನ ಕೈಕೆಳಗೆ ಇಲ್ಲ. ಹಾಜರಾತಿ ಕಡಿಮೆಯಾದರೆ ಸಂಬಳ ಹಿಡಿಯುವ ಮೇಲಧಿಕಾರಿ ಇಲ್ಲ. ವಕೀಲಿಕೆ ಮಾಡಬಹುದು, ಜಮೀನು ನೋಡಿಕೊಳ್ಳಬಹುದು, ಕಂಪನಿಯಲ್ಲಿ ಪಾಲು ಇಟ್ಟುಕೊಳ್ಳಬಹುದು, ಕಾಲೇಜು ನಡೆಸಬಹುದು. ನಿವೃತ್ತಿಯ ವಯಸ್ಸು ಅನ್ನುವುದೇ ಇಲ್ಲ. ಎಂಬತ್ತರಲ್ಲೂ ಸ್ಪರ್ಧಿಸಬಹುದು, ಇಪ್ಪತ್ತೈದಕ್ಕೂ ಗೆದ್ದು ಬರಬಹುದು. ಇಪ್ಪತ್ತೈದಕ್ಕೆ ಗೆದ್ದು ಮೂವತ್ತಕ್ಕೆ ಸೋತ ಸಂಸದನಿಗೆ ಅಂದಿನಿಂದಲೇ ಪಿಂಚಣಿ ಶುರು. ಮೂವತ್ತು ವರ್ಷದ ಆರೋಗ್ಯವಂತನಿಗೆ ಯಾವ ಮುಪ್ಪಿನ ಆಸರೆ ಬೇಕು, ಹೇಳಿ?

ಇನ್ನೊಂದು ಮುಖ್ಯ ವಿಷಯ. ನಮ್ಮ ಸಂವಿಧಾನದ 106ನೇ ವಿಧಿ ಸಂಸದರ ಸಂಬಳ ಮತ್ತು ಭತ್ಯೆಗಳ ಬಗ್ಗೆ ಹೇಳುತ್ತದೆ. ರಾಜ್ಯದ ಶಾಸಕರಿಗೆ 195ನೇ ವಿಧಿ. ಎರಡರಲ್ಲೂ ಪಿಂಚಣಿಯ ಮಾತಿಲ್ಲ. 1954ರಲ್ಲಿ ಸಂಸದರಿಗೆ ಮೊದಲ ಕಾಯ್ದೆ ಆದಾಗ ತಿಂಗಳಿಗೆ 400 ರೂಪಾಯಿ ಸಂಬಳ, ಸದನ ನಡೆಯುವ ದಿನಕ್ಕೆ 21 ರೂಪಾಯಿ ಭತ್ಯೆ ಇತ್ತು. ಪಿಂಚಣಿ ಇರಲಿಲ್ಲ. ಅದು ಬಂದದ್ದು 1976ರಲ್ಲಿ. ಯಾವ ವರ್ಷ ಅದು? ತುರ್ತುಪರಿಸ್ಥಿತಿಯ ವರ್ಷ. ವಿರೋಧ ಪಕ್ಷದ ಎಷ್ಟೋ ನಾಯಕರು ಜೈಲಿನಲ್ಲಿದ್ದರು, ಲೋಕಸಭೆಯ ಅವಧಿಯನ್ನೇ ವಿಸ್ತರಿಸಿಕೊಂಡಿದ್ದರು. ಐದು ವರ್ಷ ಸಂಸದರಾಗಿದ್ದವರಿಗೆ ತಿಂಗಳಿಗೆ 300 ರೂಪಾಯಿ ಅಂತ ಶುರುವಾಯಿತು. ಮೊತ್ತ ಸಣ್ಣದು. ಆದರೆ ಅಲ್ಲೊಂದು ಷರತ್ತು ಇತ್ತು ಅನ್ನುವುದನ್ನು ಗಮನಿಸಿ. ಇಷ್ಟು ವರ್ಷ ಇದ್ದರೆ ಮಾತ್ರ ಪಿಂಚಣಿ.

ಆ ಷರತ್ತು 2004ರ ತಿದ್ದುಪಡಿಯಲ್ಲಿ ಹೋಯಿತು. ಎಷ್ಟೇ ಕಾಲ ಸದಸ್ಯರಾಗಿದ್ದರೂ ಪಿಂಚಣಿಗೆ ಅರ್ಹರು ಅಂತಾಯಿತು. ಕಾಯ್ದೆಯ ಪ್ರಕಾರ ಕೆಲವೇ ತಿಂಗಳು ಸದಸ್ಯರಾಗಿದ್ದರೂ ಸಾಕು. ಈಗ ಅದೇ ವರ್ಷ ಬೇರೆ ಏನಾಯಿತು ನೋಡಿ. 2004ರ ಜನವರಿ 1ರಿಂದ ಕೇಂದ್ರ ಸರ್ಕಾರಿ ಕೆಲಸಕ್ಕೆ ಸೇರುವವರಿಗೆ ಹಳೇ ಪಿಂಚಣಿ ನಿಂತುಹೋಯಿತು. ಸೇನೆಯವರನ್ನು ಬಿಟ್ಟು ಉಳಿದ ಹೊಸಬರೆಲ್ಲ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್‌ಗೆ ಹೋದರು. ನಮ್ಮ ರಾಜ್ಯದಲ್ಲಿ ಇದು 2006ರ ಏಪ್ರಿಲ್ 1ರಿಂದ ಬಂತು. ಸಂಬಳದಿಂದ ಶೇಕಡಾ 10 ಕಟ್ಟಬೇಕು, ಸರ್ಕಾರ ತನ್ನ ಪಾಲು ಹಾಕುತ್ತದೆ, ಆ ದುಡ್ಡು ಮಾರುಕಟ್ಟೆಗೆ ಹೋಗುತ್ತದೆ, ಕೊನೆಗೆ ಎಷ್ಟು ಸಿಗುತ್ತದೋ ಅಷ್ಟು. ಶಿಕ್ಷಕರು, ಗ್ರಾಮಲೆಕ್ಕಿಗರು, ನರ್ಸುಗಳು, ಕಚೇರಿಯ ಗುಮಾಸ್ತರು ಇಷ್ಟು ವರ್ಷ ಬೀದಿಗಿಳಿದು ವಾಪಸ್ ಕೇಳುತ್ತಿರುವುದು ಆ ಹಳೇ ಪಿಂಚಣಿಯನ್ನೇ. ಖಜಾನೆಗೆ ಭಾರ ಆಗುತ್ತದೆ ಅಂತ ನೌಕರರ ನಿಶ್ಚಿತ ಪಿಂಚಣಿಯನ್ನು ತೆಗೆದ ಕಾಲದಲ್ಲೇ ಜನಪ್ರತಿನಿಧಿಗಳು ತಮ್ಮ ನಿಶ್ಚಿತ ಪಿಂಚಣಿಯನ್ನು ಇನ್ನಷ್ಟು ಸುಲಭ ಮಾಡಿಕೊಂಡರು. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದು.

ಕೆಲವು ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2025ರ ಏಪ್ರಿಲ್‌ನಿಂದ ಕೇಂದ್ರ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆ, ಅಂದರೆ ಯುಪಿಎಸ್, ಬಂದಿದೆ. ಮೂಲ ವೇತನದ ಅರ್ಧದಷ್ಟು ಖಚಿತ ಪಿಂಚಣಿ ಸಿಗಬೇಕಾದರೆ 25 ವರ್ಷ ಸೇವೆ ಬೇಕು. ಹತ್ತು ವರ್ಷ ಮಾಡಿದರೆ ಕನಿಷ್ಠ 10,000 ರೂಪಾಯಿ. ಹತ್ತಕ್ಕಿಂತ ಕಡಿಮೆಯಾದರೆ ಆ ಖಾತರಿ ಇಲ್ಲ. ಖಾಸಗಿ ಕಾರ್ಖಾನೆಯಲ್ಲಿ ದುಡಿದವರ ಪಾಡು ಇನ್ನೂ ಕಷ್ಟ. ಪಿಎಫ್ ಜೊತೆಗೆ ಬರುವ ಇಪಿಎಸ್ ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು. ಅದರ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಅಂತ ನಿಗದಿಯಾಯಿತು. ಅದನ್ನು ಹೆಚ್ಚಿಸಿ ಅಂತ ಆ ಹಿರಿಯರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಬಡ ವೃದ್ಧರಿಗೆ ಕೇಂದ್ರ ಕೊಡುವ ವೃದ್ಧಾಪ್ಯ ವೇತನದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ. ಉಳಿದದ್ದನ್ನು ರಾಜ್ಯ ಸೇರಿಸಿ ಕೊಡಬೇಕು.

ಮಾಜಿ ಸಂಸದರಿಗೆ ಒಂದು ಅವಧಿಗೆ 31,000. ಐದು ವರ್ಷದ ಮೇಲೆ ಪ್ರತಿ ವರ್ಷಕ್ಕೂ ಇನ್ನೊಂದು 2,500. ಮೂರು ಬಾರಿ ಗೆದ್ದವರಿಗೆ 56,000 ಆಗುತ್ತದೆ. ಅವರು ಮೊದಲು ಶಾಸಕರೂ ಆಗಿದ್ದರೆ ಆ ಪಿಂಚಣಿ ಬೇರೆ. ತೀರಿಕೊಂಡ ಮೇಲೆ ಸಂಗಾತಿಗೆ ಕುಟುಂಬ ಪಿಂಚಣಿ. ರೈಲಿನಲ್ಲಿ ಉಚಿತ ಪ್ರಯಾಣ. ಇಷ್ಟಕ್ಕೆಲ್ಲ ಅವರು ಸಂಸದರಾಗಿದ್ದಾಗ ಪಿಂಚಣಿ ನಿಧಿಗೆ ಅಂತ ಒಂದು ರೂಪಾಯಿಯನ್ನೂ ಕಟ್ಟಿರುವುದಿಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಈ ಪಿಂಚಣಿಯಿಂದ ದೇಶ ದಿವಾಳಿ ಆಗುವುದಿಲ್ಲ. ಕೇಂದ್ರದ ಬಜೆಟ್ ಎದುರು ಇದು ಸಣ್ಣ ಮೊತ್ತ. ಇದನ್ನು ನಿಲ್ಲಿಸಿದರೆ ಅಷ್ಟು ಶಾಲೆ ಕಟ್ಟಬಹುದು, ಇಷ್ಟು ಆಸ್ಪತ್ರೆ ಕಟ್ಟಬಹುದು ಅಂತ ಮೊಬೈಲಿನಲ್ಲಿ ಓಡಾಡುವ ಸಂದೇಶಗಳನ್ನು ನಂಬಬೇಡಿ. ನನ್ನ ಪ್ರಶ್ನೆ ಉಳಿತಾಯದ್ದಲ್ಲ. ಕಾನೂನು ಮಾಡುವವರು ಬೇರೆಯವರಿಗೆ ಒಂದು ನಿಯಮ, ತಮಗೆ ಒಂದು ನಿಯಮ ಮಾಡಿಕೊಂಡರೆ ಅವರ ಮಾತಿಗೆ ಬೆಲೆ ಎಲ್ಲಿಂದ ಬರಬೇಕು ಅನ್ನುವುದು.

ಇದು ಬರೀ ನಮ್ಮ ದೇಶದ ಜಗಳವಲ್ಲ. ಸ್ವಲ್ಪ ಆಚೆ ಹೋಗಿ ಒಂದು ಕಥೆ ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟ. 1942ರ ಜನವರಿ. ಅಮೆರಿಕ ಆಗಷ್ಟೇ ಮಹಾಯುದ್ಧಕ್ಕೆ ಇಳಿದಿತ್ತು. ಆ ಹೊತ್ತಿನಲ್ಲಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ತನ್ನ ಸದಸ್ಯರಿಗೂ ಪಿಂಚಣಿ ಸಿಗುವ ಕಾಯ್ದೆ ಮಾಡಿತು. ಜನ ಸಿಡಿದೆದ್ದರು. ಯುದ್ಧದಲ್ಲಿ ನೊಂದವರಿಗೆ ಬಟ್ಟೆಬರೆ ಕಳಿಸುವ ಅಭಿಯಾನಗಳು ಆಗ ನಡೆಯುತ್ತಿದ್ದವು. ಅದೇ ಮಾದರಿಯಲ್ಲಿ ಕಾಂಗ್ರೆಸ್ ಸದಸ್ಯರಿಗೂ ಹಳೇ ಬಟ್ಟೆಯ ಗಂಟು ಕಳಿಸಿ ಅಂತ ಅಭಿಯಾನ ಶುರುವಾಯಿತು. ಎರಡು ತಿಂಗಳೊಳಗೆ ಕಾಂಗ್ರೆಸ್ ತಾನೇ ಮಾಡಿದ ಕಾಯ್ದೆಯನ್ನು ವಾಪಸ್ ತೆಗೆದುಕೊಂಡಿತು. ಮುಂದೆ 1946ರಲ್ಲಿ ಪಿಂಚಣಿ ಮತ್ತೆ ಬಂತು, ಆದರೆ ಸದಸ್ಯರು ಸಂಬಳದಿಂದ ವಂತಿಗೆ ಕಟ್ಟುವ ವ್ಯವಸ್ಥೆಯಾಗಿ ಬಂತು. ಇವತ್ತಿಗೂ ಅಲ್ಲಿ ಕನಿಷ್ಠ ಐದು ವರ್ಷ ಸೇವೆ ಬೇಕು. ಐದೇ ವರ್ಷ ಇದ್ದವರು 62 ವರ್ಷ ಆಗುವವರೆಗೆ ಕಾಯಬೇಕು. ಕೆಲವು ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾದರೆ ಪಿಂಚಣಿ ಹೋಗುತ್ತದೆ ಅಂತ 2007ರಲ್ಲಿ ಕಾನೂನೂ ಆಗಿದೆ.

ಈಗ ಎದುರು ವಾದಕ್ಕೆ ಬರೋಣ. ಅದನ್ನು ಹಗುರವಾಗಿ ತಳ್ಳಿಹಾಕುವುದು ನನಗೆ ಸಾಧ್ಯವಿಲ್ಲ.

ಶಾಂತವೇರಿ ಗೋಪಾಲಗೌಡರನ್ನು ನೆನಪು ಮಾಡಿಕೊಳ್ಳಿ. 1952, 1962, 1967, ಮೂರು ಬಾರಿ ಶಾಸಕರಾದರು. ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತವರು. ಆಸ್ತಿ ಮಾಡಲಿಲ್ಲ. ಕಾಯಿಲೆಯಲ್ಲಿ ನರಳಿ 1972ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅಂಥವರಿಗೆ, ಅಂಥವರ ಮನೆಯವರಿಗೆ ಸಮಾಜ ಏನಾದರೂ ಮಾಡಬೇಕಿತ್ತಾ? ಖಂಡಿತ ಮಾಡಬೇಕಿತ್ತು. ಪಿಂಚಣಿ ಬೇಕು ಅನ್ನುವವರು ಇಂಥವರನ್ನು ತೋರಿಸಿದಾಗ ನನ್ನ ಬಳಿ ಎದುರು ಮಾತಿಲ್ಲ.

ಹಾಗೆಯೇ ಇನ್ನೊಂದು ಹಳೆಯ ವಾದ ಇದೆ. ರಾಜಕಾರಣದಲ್ಲಿ ದುಡ್ಡು ಕೊಡದಿದ್ದರೆ ದುಡ್ಡಿದ್ದವರು ಮಾತ್ರ ಬರುತ್ತಾರೆ. 1838ರಲ್ಲಿ ಇಂಗ್ಲೆಂಡಿನ ಕಾರ್ಮಿಕರು ಚಾರ್ಟರ್ ಅಂತ ಒಂದು ಬೇಡಿಕೆ ಪಟ್ಟಿ ಮಾಡಿದರು. ಅದರ ಆರು ಬೇಡಿಕೆಗಳಲ್ಲಿ ಒಂದು, ಸಂಸದರಿಗೆ ಸಂಬಳ ಕೊಡಿ ಅನ್ನುವುದು. ಯಾಕೆಂದರೆ ಆಗ ಸಂಬಳ ಇರಲಿಲ್ಲ, ಜಮೀನು, ದುಡ್ಡು ಇದ್ದವರೇ ಪಾರ್ಲಿಮೆಂಟಿಗೆ ಹೋಗುತ್ತಿದ್ದರು. ಆ ಬೇಡಿಕೆ ಈಡೇರಲು 1911 ಆಗಬೇಕಾಯಿತು. ವರ್ಷಕ್ಕೆ 400 ಪೌಂಡ್ ಕೊಟ್ಟರು. ಗಣಿ ಕಾರ್ಮಿಕನೂ ಸಂಸದನಾಗಿ ಬದುಕಬಹುದು ಅಂತಾಯಿತು. ಇದು ದೊಡ್ಡ ಹೋರಾಟ, ನನಗೆ ಇದರ ಬಗ್ಗೆ ಗೌರವ ಇದೆ.

ಆದರೆ ಅದು ಸಂಬಳಕ್ಕಾಗಿ ನಡೆದ ಹೋರಾಟ. ಜೀವನಪೂರ್ತಿ ಪಿಂಚಣಿ ಕೊಟ್ಟರೆ ಬಡವರು ರಾಜಕೀಯಕ್ಕೆ ಬರುತ್ತಾರಾ? ನಮ್ಮ ಅನುಭವ ಏನು ಹೇಳುತ್ತದೆ? 1976ರಿಂದ ಪಿಂಚಣಿ ಇದೆ. 2024ರಲ್ಲಿ ಗೆದ್ದ ಲೋಕಸಭಾ ಸದಸ್ಯರು ಚುನಾವಣಾ ಆಯೋಗಕ್ಕೆ ಕೊಟ್ಟ ಪ್ರಮಾಣಪತ್ರಗಳನ್ನು, ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಸಂಸ್ಥೆ ಲೆಕ್ಕ ಹಾಕಿತು. ಶೇಕಡಾ 93ರಷ್ಟು ಮಂದಿ ಕೋಟ್ಯಧೀಶರು. ಬಡವರನ್ನು ತಡೆಯುತ್ತಿರುವುದು ಬಾಗಿಲಿನಲ್ಲೇ ಇರುವ ಖರ್ಚು. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿ ಕಾನೂನುಬದ್ಧವಾಗಿಯೇ 95 ಲಕ್ಷದವರೆಗೆ ಖರ್ಚು ಮಾಡಬಹುದು, ವಿಧಾನಸಭೆಗೆ 40 ಲಕ್ಷ. ಈ ಮೊತ್ತ ಹೊಂದಿಸಲಾಗದವರು ಪಿಂಚಣಿಯವರೆಗೆ ಬರುವುದೇ ಇಲ್ಲ. ಗುಜರಾತಿನಲ್ಲಿ ಮಾಜಿ ಶಾಸಕರಿಗೆ ಪಿಂಚಣಿ ಇಲ್ಲ. ಅಲ್ಲಿ ಟಿಕೆಟ್ ಕೇಳುವವರ ಸಾಲು ಕಡಿಮೆ ಏನೂ ಆಗಿಲ್ಲ ಅಲ್ವಾ?

ಇನ್ನು ಕೆಲಸ ಬಿಟ್ಟು ಬಂದವರ ಕಷ್ಟ. ಇದು ನಿಜವಾದ ಕಷ್ಟ. ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಚುನಾವಣೆಗೆ ನಿಲ್ಲಬೇಕಾದರೆ ರಾಜೀನಾಮೆ ಕೊಡಬೇಕು. ಗೆದ್ದು, ಐದು ವರ್ಷ ಚೆನ್ನಾಗಿ ಕೆಲಸ ಮಾಡಿ, ಮುಂದಿನ ಸಲ ಸೋತರು ಅಂದುಕೊಳ್ಳಿ. ವಯಸ್ಸು ನಲವತ್ತೈದು ದಾಟಿದೆ. ಹಳೇ ಕೆಲಸ ವಾಪಸ್ ಸಿಗುವುದಿಲ್ಲ. ಅವರನ್ನು ಸುಮ್ನೆ ಕೈಬಿಡುವುದು ಸರಿಯಲ್ಲ. ಜರ್ಮನಿಯಲ್ಲಿ ಇದಕ್ಕೆ ಒಳ್ಳೆಯ ದಾರಿ ಹುಡುಕಿದ್ದಾರೆ. ಸದನ ಬಿಟ್ಟವರಿಗೆ, ಸದಸ್ಯರಾಗಿದ್ದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳದಂತೆ, ಹೆಚ್ಚೆಂದರೆ 18 ತಿಂಗಳು ಕೊಡುತ್ತಾರೆ. ಎರಡನೇ ತಿಂಗಳಿನಿಂದ ಬೇರೆ ಆದಾಯ ಬಂದರೆ ಅದನ್ನು ಕಳೆಯುತ್ತಾರೆ. ಕೆಲಸ ಹುಡುಕಿಕೊಳ್ಳಲು ಸಮಯ ಸಿಗುತ್ತದೆ, ಆಮೇಲೆ ನಿಲ್ಲುತ್ತದೆ. ಇದನ್ನು ನಾವೂ ಮಾಡಬಹುದು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ನೌಕರರ ಮಾದರಿಯ ಪಿಂಚಣಿ ಜನಪ್ರತಿನಿಧಿಗೆ ಹೊಂದುವುದಿಲ್ಲ. ಅದರ ಬದಲು, ಸೋತ ಮೇಲೆ ಕೆಲವು ತಿಂಗಳು ನೆರವು ಕೊಡಿ. ಸದಸ್ಯರಾಗಿರುವಾಗ ಎಲ್ಲ ನೌಕರರಂತೆ ಅವರ ಹೆಸರಿನಲ್ಲೂ ಒಂದು ಎನ್‌ಪಿಎಸ್ ಖಾತೆ ತೆರೆಯಿರಿ. ಅವರು ಶೇಕಡಾ 10 ಕಟ್ಟಲಿ, ಸರ್ಕಾರ ನೌಕರರಿಗೆ ಕೊಡುವಷ್ಟೇ ಪಾಲು ಕೊಡಲಿ. ಅರವತ್ತು ವರ್ಷವಾದಾಗ ಅದು ಅವರಿಗೆ ಸಿಗಲಿ. ಐದು ವರ್ಷ ಕಟ್ಟಿದವರಿಗೆ ಐದು ವರ್ಷದ್ದು, ಇಪ್ಪತ್ತೈದು ವರ್ಷ ಕಟ್ಟಿದವರಿಗೆ ಇಪ್ಪತ್ತೈದರದ್ದು. ಎನ್‌ಪಿಎಸ್ ಅನ್ಯಾಯದ ಯೋಜನೆ ಅಂತ ಆಮೇಲೆ ಅವರಿಗೆ ಅನಿಸಿದರೆ, ಎಲ್ಲರಿಗೂ ಸೇರಿಸಿಯೇ ಅದನ್ನು ಸರಿಪಡಿಸುತ್ತಾರೆ. ಇನ್ನು ಗೋಪಾಲಗೌಡರಂಥವರಿಗೆ, ಅಂದರೆ ವಯಸ್ಸಾಗಿ ನಿಜಕ್ಕೂ ಏನೂ ಇಲ್ಲದ ಮಾಜಿ ಸದಸ್ಯರಿಗೆ, ಆದಾಯ ನೋಡಿ ಕೊಡುವ ಒಂದು ನೆರವಿನ ನಿಧಿ ಇರಲಿ. ಬ್ರಿಟನ್ನಿನಲ್ಲಿ 1939ರಲ್ಲೇ ಅಂಥ ನಿಧಿ ಮಾಡಿದರು, ಸಂಸದರೇ ಅದಕ್ಕೆ ವಂತಿಗೆ ಹಾಕುತ್ತಿದ್ದರು.

ಇದು ಆಗದ ಕೆಲಸವೇನೂ ಅಲ್ಲ. ಆಸ್ಟ್ರೇಲಿಯಾದಲ್ಲಿ 2004ರ ಚುನಾವಣೆಯಿಂದ ಹೊಸದಾಗಿ ಗೆದ್ದವರಿಗೆ ಹಳೇ ಧಾರಾಳದ ಪಿಂಚಣಿ ಮುಚ್ಚಿದರು. ಉಳಿದ ಉದ್ಯೋಗಿಗಳಂತೆ ಅವರಿಗೂ ಖಾತೆಗೆ ದುಡ್ಡು ಕಟ್ಟುವ ಪದ್ಧತಿ ತಂದರು. ವಿರೋಧ ಪಕ್ಷದ ನಾಯಕ ವಿಷಯ ಎತ್ತಿದರು, ಚುನಾವಣೆಯ ವರ್ಷ ಬೇರೆ, ಪ್ರಧಾನಿ ಒಪ್ಪಿಕೊಂಡರು. ಗಮನಿಸಿ, ನಮ್ಮಲ್ಲಿ ಷರತ್ತು ತೆಗೆದದ್ದೂ 2004ರಲ್ಲೇ.

ನಮ್ಮಲ್ಲೂ ಅಷ್ಟಿಷ್ಟು ಆಗಿದೆ. 2022ರಲ್ಲಿ ಪಂಜಾಬ್ ಸರ್ಕಾರ ಒಬ್ಬ ಶಾಸಕನಿಗೆ ಒಂದೇ ಪಿಂಚಣಿ ಅಂತ ಕಾನೂನು ಮಾಡಿತು. ಅದಕ್ಕೂ ಮೊದಲು ಅಲ್ಲಿ ಗೆದ್ದ ಪ್ರತಿ ಅವಧಿಗೂ ಪಿಂಚಣಿ ಸೇರುತ್ತಾ ಹೋಗುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ವಿಧಾನಸಭೆ, ಪಕ್ಷಾಂತರ ಮಾಡಿ ಅನರ್ಹರಾದವರಿಗೆ ಪಿಂಚಣಿ ಇಲ್ಲ ಅನ್ನುವ ಮಸೂದೆ ಅಂಗೀಕರಿಸಿತು. ಇನ್ನೊಂದು ದಿಕ್ಕಿಗೆ ಹೋದ ಉದಾಹರಣೆಯೂ ಇದೆ. ಕೇರಳದಲ್ಲಿ ಸಚಿವರ ಆಪ್ತ ಸಿಬ್ಬಂದಿಗೆ ಎರಡು ವರ್ಷ ಚಿಲ್ಲರೆ ಕೆಲಸಕ್ಕೇ ಪಿಂಚಣಿ ಸಿಗುತ್ತದೆ. 2022ರಲ್ಲಿ ಅಲ್ಲಿನ ರಾಜ್ಯಪಾಲರೇ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದ್ದರು.

ಕೋರ್ಟಿಗೆ ಹೋಗಬಾರದಾ ಅಂತ ಈಗ ಸಭೆಯಿಂದ ಒಬ್ಬರು ಕೇಳಿದರು. ಹೋಗಿದ್ದಾರೆ. ಲಖನೌದ ಲೋಕ್ ಪ್ರಹರಿ ಅನ್ನುವ ಸಂಸ್ಥೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಕೋರ್ಟ್ ಅರ್ಜಿ ವಜಾ ಮಾಡಿತು. ಪಿಂಚಣಿ ಕೊಡಬೇಕೇ ಬೇಡವೇ ಅನ್ನುವುದು ಸಂಸತ್ತಿನ ವಿವೇಚನೆ, ಸಂವಿಧಾನ ಅದನ್ನು ತಡೆಯುವುದಿಲ್ಲ ಅನ್ನುವ ನಿಲುವು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಹಾಗಾದರೆ ವಿಷಯ ತಿರುಗಿ ಬರುವುದು ನಮ್ಮ ಬಳಿಗೇ, ಓಟು ಹಾಕುವವರ ಬಳಿಗೆ.

ತಮ್ಮ ಸಂಬಳ, ಪಿಂಚಣಿಯನ್ನು ತಾವೇ ಓಟು ಹಾಕಿ ನಿರ್ಧರಿಸಿಕೊಳ್ಳುವ ಪದ್ಧತಿಯೇ ಮೂಲ ತೊಂದರೆ ಅಂತ ನನಗೆ ಅನಿಸುತ್ತದೆ. ಬ್ರಿಟನ್ನಿನಲ್ಲಿ ಸಂಸದರ ಖರ್ಚಿನ ಹಗರಣ ಆದ ಮೇಲೆ, 2009ರಲ್ಲಿ, ಇಪ್ಸಾ ಅನ್ನುವ ಸ್ವತಂತ್ರ ಪ್ರಾಧಿಕಾರ ಮಾಡಿದರು. ಈಗ ಸಂಸದರ ಸಂಬಳ, ಪಿಂಚಣಿ ಎರಡನ್ನೂ ಅದೇ ತೀರ್ಮಾನಿಸುತ್ತದೆ. ಆಸ್ಟ್ರೇಲಿಯಾದಲ್ಲಿ 1973ರಿಂದ ವೇತನ ನ್ಯಾಯಮಂಡಳಿ ಇದೆ. ನಮ್ಮ ಕೇಂದ್ರದಲ್ಲಿ 2018ರಿಂದ ಐದು ವರ್ಷಕ್ಕೊಮ್ಮೆ ಬೆಲೆ ಸೂಚ್ಯಂಕ ನೋಡಿ ಏರಿಸುವ ನಿಯಮ ಬಂದಿದೆ. ಮನಸ್ಸಿಗೆ ಬಂದಷ್ಟು ಏರಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಇಪಿಎಸ್‌ನ 1,000 ರೂಪಾಯಿಗೆ, ವೃದ್ಧಾಪ್ಯ ವೇತನದ 200 ರೂಪಾಯಿಗೆ ಆ ಸೂಚ್ಯಂಕ ಯಾಕೆ ಅನ್ವಯಿಸುವುದಿಲ್ಲ?

ಕೆನಡಾದ ಒಂಟಾರಿಯೊ ಪ್ರಾಂತ್ಯದ ಉದಾಹರಣೆಯನ್ನೂ ಹೇಳಬೇಕು, ಯಾಕೆಂದರೆ ಅದು ನನ್ನ ವಾದಕ್ಕೆ ಒಂದು ಎಚ್ಚರಿಕೆ. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಶಾಸಕರ ಧಾರಾಳದ ಪಿಂಚಣಿಯನ್ನು ರದ್ದು ಮಾಡಿತು. ಜನ ಮೆಚ್ಚಿದರು. ಸುಮಾರು ಮೂವತ್ತು ವರ್ಷ ಹಾಗೇ ನಡೆಯಿತು. 2025ರಲ್ಲಿ ಸಂಬಳವನ್ನು ಶೇಕಡಾ 35ರಷ್ಟು ಏರಿಸಿ, ಪಿಂಚಣಿಯನ್ನೂ ವಾಪಸ್ ತಂದರು. ಸಿಟ್ಟಿನಲ್ಲಿ ಎಲ್ಲವನ್ನೂ ಕಿತ್ತು ಹಾಕಿದರೆ ಅದು ಒಂದು ದಿನ ಇನ್ನೊಂದು ರೂಪದಲ್ಲಿ ಬರುತ್ತದೆ. ಅದಕ್ಕೇ ನಾನು ಪೂರ್ತಿ ರದ್ದು ಮಾಡಿ ಅನ್ನುತ್ತಿಲ್ಲ, ವಂತಿಗೆಯ ಖಾತೆ ಮಾಡಿ ಅನ್ನುತ್ತಿದ್ದೇನೆ.

ಕೊನೆಯದಾಗಿ ಗ್ರಾಮ ಪಂಚಾಯಿತಿ ಸದಸ್ಯರ ಮಾತು. ಅವರೂ ಜನ ಆರಿಸಿದವರೇ, ಅವರದ್ದೂ ಐದು ವರ್ಷವೇ. ನೀರು ಬರದಿದ್ದರೆ ಬೆಳಗ್ಗೆ ಐದಕ್ಕೆ ಜನ ಬಾಗಿಲು ತಟ್ಟುವುದು ಅವರ ಮನೆಯದ್ದು. ಅವರಿಗೆ ಸಿಗುವುದು ಸಣ್ಣ ಗೌರವಧನ. ಸಂಬಳ ಇಲ್ಲ, ಶಾಸಕರಂಥ ಪಿಂಚಣಿ ಇಲ್ಲ. ಮಹಿಳೆಯರಿಗೆ ಮೀಸಲಾದ ಸ್ಥಾನಗಳಲ್ಲಿ ಗೆದ್ದು, ಕೂಲಿ ಬಿಟ್ಟು ಸಭೆಗೆ ಬರುವ ಸದಸ್ಯೆಯರು ಎಷ್ಟೋ ಮಂದಿ ಇದ್ದಾರೆ. ಸಭೆಯ ದಿನ ಅವರ ಕೂಲಿ ಹೋಗುತ್ತದೆ. ಬಡವರು ಅಧಿಕಾರಕ್ಕೆ ಬರಲಿ ಅನ್ನುವ ವಾದವನ್ನು ನಾವು ನಿಜವಾಗಿ ನಂಬಿದ್ದರೆ, ಪಿಂಚಣಿ ಖಾತೆ ಮೊದಲು ತೆರೆಯಬೇಕಾದದ್ದು ಅವರ ಹೆಸರಿನಲ್ಲಿ. ಶಾಸಕರ ಪಿಂಚಣಿಗೆ ಒಂದೇ ಸಲಕ್ಕೆ ತಿಂಗಳಿಗೆ 25,000 ಸೇರಿಸಲು ನಮ್ಮ ಸದನಕ್ಕೆ ಚರ್ಚೆಯೂ ಬೇಕಾಗಲಿಲ್ಲ. ಮುಂದಿನ ಸಲ ನಿಮ್ಮೂರಿಗೆ ಓಟು ಕೇಳಲು ಬಂದವರನ್ನು, ಯಾವ ಪಕ್ಷದವರಾದರೂ ಸರಿ, ನಿಲ್ಲಿಸಿ ಎರಡು ಪ್ರಶ್ನೆ ಕೇಳಿ. ನಿಮ್ಮ ಪಿಂಚಣಿಗೆ ನೀವೇ ವಂತಿಗೆ ಕಟ್ಟುತ್ತೀರಾ? ನಮ್ಮ ಪಂಚಾಯಿತಿ ಸದಸ್ಯರಿಗೂ ಅಂಥದ್ದೇ ಒಂದು ಖಾತೆ ಮಾಡಿಸುತ್ತೀರಾ?